ಮದ್ದೂರಿನ ಕಾರು, ಹಿತ್ತಾಳೆಯ ಮುಚ್ಚಳ

ಕಾರಿನ ಎ.ಸಿ. ತಣ್ಣಗೆ ಬೀಸುತ್ತಿಲ್ಲ ಎಂದು ಬರುವವರು ಕಾಯಿಲೆಯ ಜೊತೆಗೆ ಔಷಧಿಯ ಹೆಸರನ್ನೂ ತಾವೇ ಹೇಳಿಬಿಡುತ್ತಾರೆ. ‘ಗ್ಯಾಸ್ ಕಮ್ಮಿ ಆಗಿದೆ, ಒಂದು ಚೂರು ಹಾಕಿ’ ಎನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದಾಗಲೂ ಹೀಗೇ ಇತ್ತು, ಬಿಟ್ಟು ಮನೆಯಲ್ಲಿ ಕೂತ ಮೇಲೂ ಹೀಗೇ ಇದೆ. ಗ್ಯಾಸ್ ಕಮ್ಮಿಯಾಗಿರುವುದು ನಿಜವೇ ಇರಬಹುದು. ಆದರೆ ಅದೇನು ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಒಳಗೆ ಹಾಕಿದ್ದು ಒಳಗೇ ಸುತ್ತುತ್ತಿರಬೇಕು. ಕಮ್ಮಿಯಾಗಿದೆ ಎಂದರೆ ಎಲ್ಲಿಂದಲೋ ಹೋಗಿದೆ. ಎಲ್ಲಿಂದ ಹೋಯಿತು, ಯಾವಾಗ ಹೋಯಿತು ಎಂದು ಕಂಡುಹಿಡಿಯುವುದೇ ಕೆಲಸ. ಹಾಕುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಇಷ್ಟು ನನಗೆ ಅರ್ಥವಾಗಬೇಕಾದರೆ ಒಬ್ಬ ಮನುಷ್ಯನ ಅನ್ನ ಹೋಗಬೇಕಾಯಿತು. ಅದನ್ನೂ ಬರೆಯುತ್ತೇನೆ.

ಎಪ್ಪತ್ತರ ದಶಕದಲ್ಲಿ ಮಂಡ್ಯದಲ್ಲಿ ಎ.ಸಿ. ಇದ್ದ ಕಾರುಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದಿತ್ತು. ಹಾಗಾಗಿ ನಮ್ಮ ಅಂಗಡಿಯ ಹೊಟ್ಟೆ ತುಂಬುತ್ತಿದ್ದುದು ಕಾರಿನಿಂದಲ್ಲ. ಮನೆಯ ಫ್ರಿಜ್ಜು, ಸೋಡಾ ಅಂಗಡಿಯ ಪೆಟ್ಟಿಗೆ, ಐಸ್ ಕ್ಯಾಂಡಿ ಯಂತ್ರ ಇವುಗಳಿಂದ. ಅಂಗಡಿ ರಂಗಾಚಾರ್ರದ್ದು. ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಹಡಗುಗಳ ಶೀತಲ ಕೋಣೆ ರಿಪೇರಿ ಮಾಡಿ ಬಂದವರು. ಹಣೆಯ ಮೇಲೆ ನಾಮ, ಮೈಮೇಲೆ ಖಾಕಿ ಕೋಟು, ಬಾಯಲ್ಲಿ ನಶ್ಯದ ವಾಸನೆಯ ಬೈಗುಳ. ನಾನು ಬಸರಾಳಿನ ಕಡೆಯ ಒಕ್ಕಲು ಮನೆಯವನು. ತರಬೇತಿ ಮುಗಿಸಿ ಸರ್ಟಿಫಿಕೇಟು ಹಿಡಿದು ಅವರ ಮುಂದೆ ನಿಂತಾಗ ಅದನ್ನು ಓದದೆ ಮಡಿಸಿ ವಾಪಸ್ ಕೊಟ್ಟು, ನನ್ನ ಅಂಗೈ ತಿರುಗಿಸಿ ನೋಡಿದರು. ಆರು ತಿಂಗಳು ತಾಮ್ರದ ಕೊಳವೆ ಕತ್ತರಿಸುವುದು ಬಿಟ್ಟು ಬೇರೆ ಕೆಲಸ ಕೊಡಲಿಲ್ಲ.

ಆಚಾರ್ರದು ಒಂದು ಕಟ್ಟುನಿಟ್ಟಿತ್ತು. ಯಾವ ಕೆಲಸವಾದರೂ ಸರಿ, ಮುಗಿದ ಮೇಲೆ ಒಂದು ಚೀಟಿ ಬರೆಯಬೇಕು. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತ್ತು, ಏನು ಮಾಡಿದೆವು ಎಂದು ಕನ್ನಡದಲ್ಲಿ ಮೂರು ಸಾಲು. ಕೆಳಗೆ ಕೆಲಸ ಮಾಡಿದವನ ರುಜು, ಅದರ ಪಕ್ಕದಲ್ಲಿ ಅವರ ರುಜು. ಒಂದು ಪ್ರತಿ ಗಿರಾಕಿಗೆ, ಒಂದು ಚೀಟಿ ಚುಚ್ಚಿಡುವ ನಮ್ಮ ತಂತಿಗೆ. ಮಂಡ್ಯ ಸುತ್ತಮುತ್ತ ಆ ಚೀಟಿಗೆ ಡಾಕ್ಟರ ಚೀಟಿಗಿದ್ದಷ್ಟು ಮರ್ಯಾದೆ ಇತ್ತು. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಆಮೇಲಿನ ಎಡವಟ್ಟಿಗೆಲ್ಲ ಮೂಲ ಆ ಹೆಮ್ಮೆಯೇ.

ಕಾರಿನ ಎ.ಸಿ. ಕೆಲಸ ಮಾಡುವ ಬಗೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಅದು ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ. ಹೊರುವುದು ಗ್ಯಾಸು. ಅದನ್ನು ಒತ್ತಿ ತಳ್ಳುವುದು, ಎ.ಸಿ. ಸ್ವಿಚ್ ಹಾಕಿದಾಗ ಮಾತ್ರ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರು. ಬಿಸಿ ಚೆಲ್ಲುವುದು ಕಾರಿನ ಮೂತಿಯಲ್ಲಿರುವ ಜಾಲರಿ. ತಣ್ಣಗಾಗುವುದು ಒಳಗೆ, ಡ್ಯಾಷ್ ಬೋರ್ಡಿನ ಕೆಳಗಿನ ಸುರುಳಿ. ಇಷ್ಟರಲ್ಲಿ ಎಲ್ಲಿ ತೊಡಕಾದರೂ ಮೇಲೆ ಕೂತವನಿಗೆ ಗೊತ್ತಾಗುವುದು ಒಂದೇ, ತಣ್ಣಗಿಲ್ಲ ಎಂದು.

ಮಳವಳ್ಳಿಯ ಡಾಕ್ಟರೊಬ್ಬರ ಕಾರು ಬಂತು. ಬೇಸಿಗೆ ಏರಿದಷ್ಟೂ ಎ.ಸಿ. ಬಿಸಿಗಾಳಿ ಉಗುಳುತ್ತಿತ್ತು. ನಾನು ಗೇಜು ಹಾಕಿ, ಒತ್ತಡ ಮಿತಿ ಮೀರಿದ್ದನ್ನು ಕಂಡು, ಕಂಪ್ರೆಸರ್ ಬಿಚ್ಚಬೇಕು ಎಂದು ಗಂಭೀರವಾಗಿ ಹೇಳಿದೆ. ಆಚಾರ್ರು ಎದ್ದು ಬಂದು ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಮೂತಿಯ ಜಾಲರಿಯ ಹಿಂದೆ ಲಾವಂಚದ ತಟ್ಟಿ ಕಟ್ಟಿತ್ತು. ಮನೆಯ ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ ತಂಪಾಗುತ್ತದಲ್ಲ, ಇಲ್ಲಿಗೂ ಕಟ್ಟಿದರೆ ಇನ್ನಷ್ಟು ತಂಪಾದೀತು ಎಂದು ಡಾಕ್ಟರ ಮನೆಯವರೇ ಹೇಳಿ ಕಟ್ಟಿಸಿದ್ದರಂತೆ. ಬಿಸಿ ಹೊರಗೆ ಹೋಗುವ ಬಾಗಿಲಿಗೇ ಚಾಪೆ ಹಾಕಿದಂತಾಗಿತ್ತು. ಮೇಲೆ ಕಬ್ಬಿನ ಗಾಡಿಗಳ ಹಿಂದೆ ಓಡಾಡಿದ ದೂಳು ಬೇರೆ ಮೆತ್ತಿಕೊಂಡಿತ್ತು. ಬಿಚ್ಚಿ ತೆಗೆದು ನೀರು ಬಿಟ್ಟು ತೊಳೆದ ಮೇಲೆ ಕಾಲು ಗಂಟೆಯಲ್ಲಿ ಕಾರು ತಣ್ಣಗಾಯಿತು. ಆ ತಟ್ಟಿಯನ್ನು ಆಚಾರ್ರು ಒಂದು ತಿಂಗಳು ನನ್ನ ಕೂರುವ ಜಾಗದ ಮೇಲೆ ನೇತುಹಾಕಿಸಿದ್ದರು.

ಇನ್ನೊಂದು ಸಲ ಶಿವನಸಮುದ್ರದಿಂದ ವಿದ್ಯುತ್ ಕೆಲಸದ ಇಂಜಿನಿಯರೊಬ್ಬರು ಬಂದರು. ಎ.ಸಿ. ನಿಂತುಹೋಗಿದೆ ಎಂದರು. ನಾನು ಸ್ವಿಚ್ ಹಾಕಿದೆ, ಚೆನ್ನಾಗಿ ತಣ್ಣಗೆ ಬಂತು. ಏನೂ ಆಗಿಲ್ಲ ಎಂದು ಕಳಿಸಿಕೊಟ್ಟೆ. ಎರಡು ದಿನಕ್ಕೆ ಸಿಡಿಮಿಡಿಗುಟ್ಟುತ್ತಾ ಮತ್ತೆ ಬಂದರು. ಆಚಾರ್ರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು.

“ನಿಂತಿದೆ ಅಂತ ಕೇಳಿದೆ. ಯಾವಾಗ ನಿಲ್ಲತ್ತೆ ಅಂತ ಕೇಳಿದೆಯೇನಯ್ಯಾ ಪುಟ್ಟಸ್ವಾಮಿ?”

ಕೇಳಿರಲಿಲ್ಲ. ಕೇಳಿದಾಗ ಗೊತ್ತಾಯಿತು, ಹೊರಟ ಅರ್ಧ ಗಂಟೆ ಚೆನ್ನಾಗಿರುತ್ತದೆ, ಆಮೇಲೆ ನಿಲ್ಲುತ್ತದೆ, ಕಾರು ನಿಲ್ಲಿಸಿ ಕಾಫಿ ಕುಡಿದು ಬಂದರೆ ಮತ್ತೆ ಸರಿಹೋಗಿರುತ್ತದೆ. ಒಳಗೆ ಎಲ್ಲೋ ಒಂದು ಹನಿ ನೀರಿನ ಪಸೆ ಸೇರಿತ್ತು. ಗ್ಯಾಸು ತೂರುವ ಸೂಜಿರಂಧ್ರದಲ್ಲಿ ಅದು ಮಂಜಾಗಿ ದಾರಿ ಕಟ್ಟುತ್ತಿತ್ತು, ಎಂಜಿನ್ ನಿಂತಾಗ ಕರಗಿ ದಾರಿ ಬಿಡುತ್ತಿತ್ತು. ಕಟ್ಟಿಕೊಂಡ ಹೊತ್ತಿನಲ್ಲಿ ಆ ಜಾಗದ ಮೇಲೆ ಒಂದು ಚೊಂಬು ಬಿಸಿನೀರು ಹುಯ್ದು ಆಚಾರ್ರು ಇದನ್ನು ತೋರಿಸಿಕೊಟ್ಟರು. ಹಿಂದಿನ ವರ್ಷ ಅದೇ ಕಾರಿಗೆ ಗ್ಯಾಸ್ ತುಂಬಿದವನು ನಾನೇ. ಒಳಗಿನ ಗಾಳಿ, ಪಸೆಯನ್ನು ಪಂಪಿನಿಂದ ಪೂರ್ತಿ ಎಳೆಯದೆ ಅವಸರ ಮಾಡಿದ್ದೆ. ತಂತಿಯಿಂದ ಹಳೆಯ ಚೀಟಿ ತೆಗೆದು ನನ್ನ ರುಜು ತೋರಿಸಿದರು. ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಇಷ್ಟಾದರೂ ಬುದ್ಧಿ ಬಂದಿರಲಿಲ್ಲ ಎನ್ನುವುದಕ್ಕೆ ಮದ್ದೂರಿನ ಕಾರೇ ಸಾಕ್ಷಿ.

ಮದ್ದೂರಿನಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ನಂಜಪ್ಪನವರು ಬೆಂಗಳೂರಿನ ಹರಾಜಿನಲ್ಲಿ ಒಂದು ವಿದೇಶಿ ಕಾರು ಹಿಡಿದಿದ್ದರು. ಷೋಕಿಗಲ್ಲ. ಅವರ ತಾಯಿಗೆ ದಮ್ಮು. ತಿಂಗಳಿಗೆ ಎರಡು ಸಲ ಮೈಸೂರಿನ ಡಾಕ್ಟರಲ್ಲಿಗೆ ಹೋಗಬೇಕು. ಕಿಟಕಿ ತೆರೆದರೆ ದೂಳಿಗೆ ಉಸಿರು ಕಟ್ಟುತ್ತದೆ, ಮುಚ್ಚಿದರೆ ಸೆಕೆಗೆ ಕಟ್ಟುತ್ತದೆ. ಅದಕ್ಕೇ ಎ.ಸಿ. ಇರುವ ಕಾರು. ಓಡಿಸುತ್ತಿದ್ದವನು ಕಿರುಗಾವಲಿನ ಸಿದ್ದೇಗೌಡ. ನನಗಿಂತ ಹತ್ತು ವರ್ಷ ದೊಡ್ಡವನು, ನಾನು ಸಿದ್ದಣ್ಣ ಎನ್ನುತ್ತಿದ್ದೆ. ಮಾತು ಕಮ್ಮಿ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಮುದುಕಿ ಕೆಮ್ಮಿದರೆ ಗಾಡಿಯ ವೇಗ ತಾನೇ ಇಳಿಯುತ್ತಿತ್ತು ಎಂದು ನಂಜಪ್ಪನವರೇ ಒಮ್ಮೆ ಹೇಳಿದ್ದರು.

ಒಂದು ವರ್ಷ ದೀಪಾವಳಿಗೆ ಮುಂಚೆ ಆ ಕಾರಿನ ಒಂದು ರಬ್ಬರ್ ಪೈಪು ಬಿರುಕು ಬಿಟ್ಟಿತು. ಬದಲಾಯಿಸಿ, ಗ್ಯಾಸ್ ತುಂಬಿ ಕೊಟ್ಟೆ. ಚಳಿಗಾಲದಲ್ಲಿ ಮಂಜು ಬೀಳುವಾಗ ಮುದುಕಿ ಮನೆ ಬಿಟ್ಟು ಹೊರಗೆ ಬರುವುದಿಲ್ಲ, ಡಾಕ್ಟರೇ ಬಂದು ನೋಡಿ ಹೋಗುತ್ತಾರೆ. ಮೂರ‍್ನಾಲ್ಕು ತಿಂಗಳು ಎ.ಸಿ.ಗೆ ಕೆಲಸವಿಲ್ಲ, ಏನು ಮಾಡಬೇಕು ಎಂದು ಸಿದ್ದೇಗೌಡ ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಉತ್ತ ಮೇಲೆ ನೇಗಿಲನ್ನು ತೊಳೆದು ಅಟ್ಟಕ್ಕೆ ಹಾಕುವುದಿಲ್ಲವೇ, ಹಾಗೇ ಇದಕ್ಕೂ ಬಿಡುವು ಕೊಡಿ, ಸ್ವಿಚ್ಚನ್ನು ಮುಟ್ಟಲೇ ಬೇಡಿ ಎಂದೆ. ಒಕ್ಕಲಿಗನಿಗೆ ಒಕ್ಕಲಿಗ ಹೇಳಿದ ಮಾತು. ಅವನಿಗೆ ಅದು ಬಹಳ ಸರಿಯೆನಿಸಿತು. ನನಗೂ.

ಶಿವರಾತ್ರಿ ಕಳೆದು ಬಿಸಿಲು ಬಲಿಯಿತು. ಮುದುಕಿಯನ್ನು ಮೈಸೂರಿಗೆ ಕರೆದೊಯ್ಯುವ ದಿನ ಕಾರು ಮಂಡ್ಯ ಮುಟ್ಟುವಷ್ಟರಲ್ಲಿ ಒಳಗೆ ಕುದಿಯುತ್ತಿತ್ತು. ನಂಜಪ್ಪನವರು ತಾಯಿಯನ್ನು ನಮ್ಮ ಅಂಗಡಿಯ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಆಕೆ ಎರಡು ಕೈಯಲ್ಲೂ ಕುರ್ಚಿಯ ತೋಳು ಹಿಡಿದು ಉಸಿರನ್ನು ಎಳೆದು ಎಳೆದು ತೆಗೆದುಕೊಳ್ಳುತ್ತಿದ್ದರು. ನಾನು ಕಾರಿನೊಳಗೆ ಬಗ್ಗಿ ನೋಡಿದರೆ ಎ.ಸಿ. ಸ್ವಿಚ್ಚಿನ ಬುಡದಲ್ಲಿ ಅರಿಶಿನದ ದಾರದ ತುಂಡು ನೇತಾಡುತ್ತಿತ್ತು. ಕೈ ತಪ್ಪಿಯೂ ಯಾರೂ ಮುಟ್ಟಬಾರದೆಂದು ಸಿದ್ದೇಗೌಡ ಚಳಿಗಾಲವಿಡೀ ಅದಕ್ಕೆ ದಾರ ಕಟ್ಟಿಟ್ಟು, ಅವತ್ತು ಬೆಳಿಗ್ಗೆ ಬಿಚ್ಚಿದ್ದನಂತೆ.

ಗೇಜು ಹಾಕಿದೆ. ಮುಳ್ಳು ಅಲ್ಲಾಡಲಿಲ್ಲ. ಗ್ಯಾಸು ಚೂರೂ ಇರಲಿಲ್ಲ. ಗೇಜು ಹಾಕುವ ಬಾಯಿಗೆ ಒಂದು ಹಿತ್ತಾಳೆಯ ಮುಚ್ಚಳ ಇರುತ್ತದೆ, ಅದರೊಳಗೆ ಸೈಕಲ್ ಟ್ಯೂಬಿನ ವಾಲ್ವಿನಲ್ಲಿರುವಂಥ ಒಂದು ಸೂಜಿ. ಸೂಜಿ ಒತ್ತಿದರೆ ಗ್ಯಾಸು ಹೊರಗೆ ಬರುತ್ತದೆ. ಆ ಮುಚ್ಚಳ ಇರಲಿಲ್ಲ. ಆಗ ಗ್ಯಾಸಿಗೆ ಬಹಳ ತತ್ವಾರ. ಡ್ರೈವರುಗಳು ಪೆಟ್ರೋಲು ಹೀರಿ ಮಾರುವಂತೆ ಇದನ್ನೂ ಮೈಸೂರಿನಲ್ಲಿ ಯಾರಿಗೋ ಹಿಡಿದುಕೊಡುತ್ತಾರೆ ಎಂಬ ಸುದ್ದಿ ನಮ್ಮ ಕಸುಬಿನವರಲ್ಲಿ ಓಡಾಡುತ್ತಿತ್ತು. ದಾರ ಕಟ್ಟಿದ್ದು ಇದಕ್ಕೇ ಇರಬೇಕು, ಒಳ್ಳೆಯವನಂತೆ ತೋರಿಸಿಕೊಳ್ಳಲು ಎಂದುಕೊಂಡೆ.

ಹಾಗೆಂದು ಪರೀಕ್ಷೆ ಮಾಡದೆ ಬಿಡಲಿಲ್ಲ. ಪಸೆ ಎಳೆದು, ಹೊಸ ಗ್ಯಾಸ್ ತುಂಬಿ, ಎಂಜಿನ್ ಓಡಿಸಿ, ಒಳಗೆ ತಣ್ಣಗಾದ ಮೇಲೆ ಸೋರಿಕೆ ಹುಡುಕಿದೆ. ನಮ್ಮ ಹತ್ತಿರ ಅದಕ್ಕೊಂದು ಸ್ಪಿರಿಟ್ ದೀಪವಿತ್ತು. ಅದರ ರಬ್ಬರ್ ಕೊಳವೆಯನ್ನು ಒಂದೊಂದು ಜೋಡಣೆಯ ಹತ್ತಿರ ಹಿಡಿಯಬೇಕು. ಗ್ಯಾಸು ಸೋರುತ್ತಿದ್ದರೆ ನೀಲಿ ಉರಿ ಹಸಿರಾಗುತ್ತದೆ. ಪ್ರತಿಯೊಂದು ಕೀಲಿಗೂ ಹಿಡಿದೆ. ಉರಿ ನೀಲಿಯಾಗಿಯೇ ಇತ್ತು. ಕಂಪ್ರೆಸರಿನ ಮೂತಿಯಲ್ಲಿ ಎಣ್ಣೆಯ ಒಂದು ಕರಿಗೆರೆ ಕಂಡಿತು. ಆಚಾರ್ರಿಗೆ ಗಲೀಜು ಆಗದು ಎಂದು ಅದನ್ನು ಬಟ್ಟೆಯಿಂದ ಒರೆಸಿ ಥಳಥಳ ಮಾಡಿದೆ. ಆಮೇಲೆ ಚೀಟಿ ಬರೆದೆ. ‘ಸೋರಿಕೆ ಇಲ್ಲ. ಮುಚ್ಚಳ ಬಿಚ್ಚಿ ಗ್ಯಾಸು ತೆಗೆಯಲಾಗಿದೆ. ಹೊಸದಾಗಿ ತುಂಬಿದೆ.’ ರುಜು ಹಾಕಿದೆ. ಆಚಾರ್ರು ಓದಿ, ಒಂದು ಗಳಿಗೆ ತಡೆದು, ಅವರೂ ಹಾಕಿದರು.

ಯಾರ ಹೆಸರನ್ನೂ ನಾನು ಬರೆದಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆ ಕಾರಿನ ಬಾನೆಟ್ಟು ತೆರೆಯುವವನು ಒಬ್ಬನೇ ಇದ್ದಾಗ ಹೆಸರು ಬರೆಯುವ ಅಗತ್ಯವೇನು? ನಂಜಪ್ಪನವರು ಚೀಟಿ ಓದಿ ಸಿದ್ದೇಗೌಡನ ಕಡೆ ನೋಡಿದರು. ಸಿದ್ದೇಗೌಡ ನನ್ನ ಕಡೆ ನೋಡಿದ.

“ನೀವೇ ತಾನೆ ಮುಟ್ಬೇಡ ಅಂದಿದ್ದು? ನಾ ಮುಟ್ನಿಲ್ಲ ಕಣಪ್ಪ” ಎಂದ.

ಅಷ್ಟೇ. ಜಗಳವಾಡಲಿಲ್ಲ. ಮುದುಕಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ವಾಪಸ್ ಮದ್ದೂರಿಗೆ ಬಿಟ್ಟು, ಕೀ ಕೊಟ್ಟು ಊರಿಗೆ ಹೋದನಂತೆ. ಅವನ ಜಾಗಕ್ಕೆ ನಂಜಪ್ಪನವರ ಹೆಂಡತಿಯ ತಮ್ಮ ಬಂದ.

ಹದಿನೈದು ದಿನವಾಗಿರಬಹುದು. ಒಂದು ಫ್ರಿಜ್ಜಿಗೆ ತಿರುಪು ಬೇಕಾಗಿ ನನ್ನ ಚಿಲ್ಲರೆ ಸಾಮಾನಿನ ಡಬ್ಬಿ ತಡಕುತ್ತಿದ್ದೆ. ಹಿತ್ತಾಳೆಯ ಮುಚ್ಚಳವೊಂದು ಬೆರಳಿಗೆ ಸಿಕ್ಕಿತು. ನಮ್ಮ ಊರಿನ ಕಾರುಗಳ ಮುಚ್ಚಳಗಳಿಗಿಂತ ಉದ್ದ, ಅಂಚಿನಲ್ಲಿ ಗೀರು. ವಿದೇಶಿ ಕಾರಿನದು. ದೀಪಾವಳಿಗೆ ಮುಂಚೆ ಪೈಪು ಬದಲಾಯಿಸಿದಾಗ ನಾನೇ ಬಿಚ್ಚಿ ಡಬ್ಬಿಗೆ ಹಾಕಿ, ತಿರುಗಿ ಹಾಕಲು ಮರೆತಿದ್ದೆ. ಅಷ್ಟು ತಿಂಗಳೂ ಆ ಬಾಯಿ ಬೋಳಾಗಿಯೇ ಇತ್ತು.

ಅವತ್ತೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಮುಚ್ಚಳ ನನ್ನದೇ ತಪ್ಪಿರಬಹುದು, ಆದರೆ ಗ್ಯಾಸು ಹೋದದ್ದಂತೂ ನಿಜ, ಸೋರಿಕೆ ಇಲ್ಲದೆ ಹೋಗಿದೆ ಎಂದರೆ ಯಾರೋ ತೆಗೆದಿರಲೇಬೇಕಲ್ಲ ಎಂದು ವಾದ ಹೂಡಿಕೊಂಡೆ. ಮುಚ್ಚಳವನ್ನು ಮತ್ತೆ ಡಬ್ಬಿಗೂ ಹಾಕಲಿಲ್ಲ, ಎಸೆಯಲೂ ಇಲ್ಲ. ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಅಂಗಿ ಬದಲಾಯಿಸಿದಾಗಲೆಲ್ಲ ಅದನ್ನೂ ಈ ಜೇಬಿನಿಂದ ಆ ಜೇಬಿಗೆ ಹಾಕುತ್ತಿದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮಳೆಗಾಲದಲ್ಲಿ ಆ ಮುದುಕಿ ಎರಡು ತಿಂಗಳು ಮಗಳ ಮನೆಯಲ್ಲಿದ್ದರು. ಕಾರು ಗಿರಣಿಯಲ್ಲೇ ನಿಂತಿತ್ತು. ವಾಪಸ್ ಬಂದ ಮೇಲೆ ಎ.ಸಿ. ಅಷ್ಟಕ್ಕಷ್ಟೇ ಎಂದು ಹೊಸ ಡ್ರೈವರು, ಅಂದರೆ ನಂಜಪ್ಪನವರ ಬಾವಮೈದುನ, ಕಾರು ತಂದ. ಬೆಳಗಿನ ತಿಂಡಿಯ ಹೊತ್ತು. ಕಾರು ನಿಲ್ಲಿಸಿದವನೇ ಕೀಯನ್ನು ಜೇಬಿಗೆ ಹಾಕಿಕೊಂಡು ಹೋಟೆಲಿಗೆ ನಡೆದ. ಕರೆಯೋಣವೆಂದರೆ ಯಜಮಾನರ ಕಡೆಯವನು. ಎಂಜಿನ್ ಓಡಿಸದೆ ನೋಡಬಹುದಾದದ್ದನ್ನಾದರೂ ನೋಡೋಣ ಎಂದು ಬಾನೆಟ್ಟು ಎತ್ತಿ ದೀಪ ಹಚ್ಚಿದೆ. ಕೊಳವೆಯನ್ನು ಕಂಪ್ರೆಸರಿನ ಮೂತಿಯ ಹತ್ತಿರ ಒಯ್ದೆ. ಉರಿ ಹಸಿರಾಯಿತು.

ದೀಪವನ್ನು ಆಚೆ ತೆಗೆದೆ, ನೀಲಿ. ಮತ್ತೆ ಹಿಡಿದೆ, ಹಸಿರು. ಅಲ್ಲೇ ಎಣ್ಣೆಯ ಆ ಕರಿಗೆರೆ ಮತ್ತೆ ಮೂಡಿತ್ತು.

ಅವನು ಬಂದ ಮೇಲೆ ಇದ್ದಬದ್ದ ಗ್ಯಾಸಿನಲ್ಲೇ ಅರ್ಧ ಗಂಟೆ ಓಡಿಸಿ, ಅದೇ ಜಾಗಕ್ಕೆ ಹಿಡಿದೆ. ಉರಿ ನೀಲಿಯಾಗಿತ್ತು. ನಿಂತಾಗ ಸೋರುತ್ತದೆ, ಓಡಿದಾಗ ಸೋರುವುದಿಲ್ಲ. ತಿರುಗುವ ದಂಡ ಕಂಪ್ರೆಸರಿನಿಂದ ಹೊರಗೆ ಬರುವ ಕಡೆ ಒಂದು ಸೀಲು ಇರುತ್ತದೆ. ಅದು ಸದಾ ಎಣ್ಣೆಯಲ್ಲಿ ನೆನೆದಿದ್ದರೆ ಮಾತ್ರ ಗ್ಯಾಸನ್ನು ತಡೆಯುತ್ತದೆ. ಓಡದೆ ತಿಂಗಳುಗಟ್ಟಲೆ ಬಿಟ್ಟರೆ ಒಣಗಿ ಸಣ್ಣಗೆ ಬಿಡುತ್ತದೆ, ಓಡಿಸಿದರೆ ಎಣ್ಣೆ ಹತ್ತಿ ಮತ್ತೆ ಹಿಡಿಯುತ್ತದೆ. ಚಳಿಗಾಲವಿಡೀ ಸ್ವಿಚ್ಚಿಗೆ ದಾರ ಕಟ್ಟಿ, ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಕ್ಕೇ ಗ್ಯಾಸು ಹೋಗಿತ್ತು. ಅವನು ನನ್ನ ಮಾತು ಕೇಳದಿದ್ದರೆ ಅವನ ಕೆಲಸ ಉಳಿಯುತ್ತಿತ್ತು.

ಆಚಾರ್ರ ಮುಂದೆ ಹೋಗಿ ನಿಂತೆ. ಸೀಲಿನ ವಿಷಯ ಪೂರ್ತಿ ಹೇಳಿದೆ, ನೇಗಿಲಿನ ಮಾತನ್ನೂ ಹೇಳಿದೆ. ಮುಚ್ಚಳದ ವಿಷಯ ಬಾಯಿಗೆ ಬರಲಿಲ್ಲ. ಅವರು ಎದ್ದು ಬೀರುವಿನಿಂದ ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು ಒಂದು ಪುಟಕ್ಕೆ ಬಂದು ಬೆರಳಿಟ್ಟರು. ಉಪಯೋಗವಿಲ್ಲದ ಕಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಬೇಕು ಎಂದು ಅಲ್ಲಿತ್ತು.

“ಇದನ್ನ ನಾನು ಓದಿದ್ದೆ. ನಿನಗೆ ಹೇಳಿರಲಿಲ್ಲ. ಚೀಟಿಗೆ ರುಜು ಹಾಕೋವಾಗ ಮನಸ್ಸಿಗೆ ಬರಲೂ ಇಲ್ಲ” ಎಂದರು. ಪುಸ್ತಕ ಮುಚ್ಚಿ, “ಇಬ್ಬರ ರುಜು ಇದೆ. ಇಬ್ಬರೂ ಹೋಗೋಣ” ಎಂದರು.

ಅಂಗಡಿಗೆ ಬೀಗ ಹಾಕಿ ಮೊದಲು ಮದ್ದೂರಿಗೆ ಬಸ್ಸಿನಲ್ಲಿ ಹೋದೆವು. ಗಿರಣಿಯ ಗದ್ದಲದಲ್ಲಿ ಆಚಾರ್ರು ದನಿ ಎತ್ತಿ ಎಲ್ಲವನ್ನೂ ವಿವರಿಸಿದರು. ನಂಜಪ್ಪನವರು ಕೇಳಿಸಿಕೊಂಡು, ಬರೆದುಕೊಟ್ಟವರು ನೀವು, ನಂಬಿದವನು ನಾನು ಎಂದಷ್ಟೇ ಹೇಳಿದರು. ಅವರ ಮುಖ ಕಪ್ಪಿಟ್ಟಿತ್ತು. ಬಾವಮೈದುನನಿಗೆ ಏನು ಹೇಳುವುದು ಎಂದು ಅವರು ಯೋಚಿಸುತ್ತಿರುವಾಗ ಒಳಗಿನಿಂದ ತಾಯಿ ಗೋಡೆ ಹಿಡಿದುಕೊಂಡು ಬಂದರು.

“ಅವನು ಬ್ರೇಕ್ ಆಕಿದ್ರೆ ನಂಗೆ ಗೊತ್ತಾಗ್ತಿರ್ನಿಲ್ಲ ಕಣಪ್ಪ. ಅಂತೋನ್ನ ಕಳುಸ್ಬುಟ್ಟೆ. ಕರ್ಸು” ಎಂದು ಮಗನಿಗೆ ಹೇಳಿದರು. ಬಾವಮೈದುನನಿಗೆ ಗಿರಣಿಯ ಉಗ್ರಾಣದಲ್ಲಿ ಜಾಗ ಸಿಕ್ಕಿತು.

ಮಾರನೆಯ ದಿನ ನಾವಿಬ್ಬರೂ ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಕಿರುಗಾವಲಿಗೆ ಹೋದೆವು. ಸಿದ್ದೇಗೌಡನ ಮನೆ ಎಲ್ಲಿ ಎಂದು ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೇಳಿದರೆ, ಯಾವ ಸಿದ್ದೇಗೌಡ ಎಂದರು. ಮದ್ದೂರಿನಲ್ಲಿ ಕಾರು ಓಡಿಸುತ್ತಿದ್ದವರು ಎಂದೆ. ಓ, ಗ್ಯಾಸ್ ಸಿದ್ದನಾ ಎಂದು ಒಬ್ಬ ನಕ್ಕು ದಾರಿ ತೋರಿಸಿದ. ಆಚಾರ್ರು ನನ್ನ ಮುಖ ನೋಡಲಿಲ್ಲ.

ಅವನು ಕಣದಲ್ಲಿ ಯಾರದೋ ಗಾಡಿಗೆ ಹುಲ್ಲು ಹೇರುತ್ತಿದ್ದ. ಆಮೇಲೆ ಯಾರೂ ಅವನ ಕೈಗೆ ಕಾರು ಕೊಟ್ಟಿರಲಿಲ್ಲ. ನಾನು ಹೇಳಬೇಕಾದದ್ದನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ, ಒಂದೇ ಉಸಿರಿಗೆ ಹೇಳಿದೆ. ನೀವು ಏನೂ ತಪ್ಪು ಮಾಡಿರಲಿಲ್ಲ, ತಪ್ಪು ನನ್ನದು, ಯಜಮಾನರು ಕರೆಯುತ್ತಿದ್ದಾರೆ ಎಂದೆ. ಅವನು ಕೈಯಲ್ಲಿದ್ದ ಹುಲ್ಲಿನ ಕಟ್ಟನ್ನು ಗಾಡಿಗೆ ಎಸೆದು, ತಲೆಯ ವಸ್ತ್ರ ಬಿಚ್ಚಿ ಮೈ ಒರೆಸಿಕೊಂಡ.

“ನಾ ತಗ್ದಿರ್ನಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತಲ್ಲ. ನಂಗ್ಯಾಕೆ ಯೋಳೀರಿ? ಬನ್ನಿ, ಓಟ್ಲತಾವ್ಕೆ ಓಗವ. ಅಲ್ಲಿ ಯೋಳಿ.”

ಹೋಟೆಲಿನಲ್ಲಿ ಹತ್ತು ಹನ್ನೆರಡು ಜನ ಇದ್ದರು. ಸಿದ್ದೇಗೌಡ ಬೆಂಚಿನ ತುದಿಯಲ್ಲಿ ಕೂತು, ನನ್ನನ್ನು ನಿಲ್ಲಿಸಿಕೊಂಡ. ನಾನು ನಿಂತು ಶುರು ಮಾಡಿದೆ. ಕಂಪ್ರೆಸರು, ದಂಡ, ಸೀಲು ಎಂದೆ. ಯಾರಿಗೂ ತಿಳಿಯಲಿಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕ ಬೀಡಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

“ಸೈಕಲ್ ಪಂಪಿನ ಚರ್ಮ ಇದ್ದಂಗೆ ಅನ್ನು. ಎಣ್ಣೆ ಕಾಣ್ದೆ ಮಡಗಿದ್ರೆ ಒಣಗೋಯ್ತದೆ, ಗಾಳಿ ನಿಲ್ಲಾಕಿಲ್ಲ. ಇದು ಮಕ್ಳಿಗೂ ಗೊತ್ತು. ನಿಂಗೆ ಗೊತ್ತಿರ್ನಿಲ್ವಾ?”

ಗೊತ್ತಿರಲಿಲ್ಲ ಎಂದೆ. ಆ ಮಾತನ್ನು ನನ್ನ ಕಸುಬಿನ ವಿಷಯದಲ್ಲಿ ನಾನು ಜೋರಾಗಿ ಹೇಳಿದ್ದು ಅದೇ ಮೊದಲು. ನೇಗಿಲಿನ ಬದಲು ಸೈಕಲ್ ಪಂಪು ಅವತ್ತು ನನ್ನ ತಲೆಗೆ ಬಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಜನ ಸರಿ ಸರಿ ಎಂದು ತಲೆದೂಗಿದರು. ಅವರಲ್ಲೊಬ್ಬ ಸಿದ್ದೇಗೌಡನಿಗೆ ಟೀ ಹೇಳಿದ. ಮುಗಿಯಿತು ಎಂದುಕೊಂಡು ನಾನು ಕೂರಲು ಹೋದೆ. ಸಿದ್ದೇಗೌಡ ಟೀ ಮುಟ್ಟದೆ ನನ್ನನ್ನೇ ನೋಡುತ್ತಿದ್ದ.

“ಸೀಲು ಸರಿ. ಮುಚ್ಚಳ?” ಎಂದ.

ಮದ್ದೂರಿನಲ್ಲಿ ನಂಜಪ್ಪನವರು ಅದನ್ನು ಕೇಳಿರಲಿಲ್ಲ. ಆಚಾರ್ರೂ ಕೇಳಿರಲಿಲ್ಲ. ಎಲ್ಲರಿಗೂ ಅದು ಮರೆತೇ ಹೋಗಿತ್ತು, ನನ್ನನ್ನೂ ಕಳ್ಳನೆನಿಸಿಕೊಂಡವನನ್ನೂ ಬಿಟ್ಟು. ಎಲ್ಲೋ ಬಿದ್ದುಹೋಗಿರಬೇಕು ಎಂದು ಬಿಡಬಹುದಿತ್ತು. ಯಾರೂ ಮತ್ತೆ ಕೇಳುತ್ತಿರಲಿಲ್ಲ. ನನ್ನ ಕೈ ಜೇಬಿಗೆ ಹೋಯಿತು. ಮುಚ್ಚಳವನ್ನು ತೆಗೆದು ಅವನ ಮುಂದೆ ಟೀ ಲೋಟದ ಪಕ್ಕದಲ್ಲಿಟ್ಟೆ. ದೀಪಾವಳಿಗೆ ಮುಂಚೆ ನಾನೇ ಬಿಚ್ಚಿ ಮರೆತಿದ್ದು, ಯುಗಾದಿಗೆ ಮುಂಚೆಯೇ ಸಿಕ್ಕಿತ್ತು, ಅಲ್ಲಿಂದ ಇಲ್ಲಿಯವರೆಗೆ ಜೇಬಿನಲ್ಲಿತ್ತು ಎಂದು ಹೇಳಿದೆ.

ಆಚಾರ್ರು ಕೋಟಿನ ಗುಂಡಿಯನ್ನು ಬಿಚ್ಚಿ, ಮತ್ತೆ ಹಾಕಿದರು. ಸಿದ್ದೇಗೌಡ ಮುಚ್ಚಳವನ್ನು ಎತ್ತಿ ಅಂಚಿನ ಗೀರನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಹೊಡೆಯುತ್ತಾನೇನೋ ಎಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಅದನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು ಟೀ ಕುಡಿದ.

ವಾಪಸ್ ಬರುವಾಗ ಬಸ್ಸಿನಲ್ಲಿ ಆಚಾರ್ರು ಬನ್ನೂರಿನ ಕುರಿಯ ಬಗ್ಗೆ, ಕಾಲುವೆ ನೀರಿನ ಬಗ್ಗೆ ಏನೇನೋ ಮಾತಾಡಿದರು. ಮಂಡ್ಯದಲ್ಲಿ ಇಳಿದ ಮೇಲೆ, ನಾಳೆ ಬೆಳಿಗ್ಗೆ ಮೊದಲು ಆ ಡಬ್ಬಿಯನ್ನು ಸುರಿದು ಒಂದೊಂದನ್ನೂ ಜೋಡಿಸು ಎಂದಷ್ಟೇ ಹೇಳಿದರು. ಜೋಡಿಸಿದೆ. ಅಂದಿನಿಂದ ನಾನು ಬಿಚ್ಚಿದ ಮುಚ್ಚಳವನ್ನು ಡಬ್ಬಿಗೆ ಹಾಕಿಲ್ಲ. ಕೆಲಸ ಮುಗಿಯುವವರೆಗೆ ಎಡಗೈಯಲ್ಲೇ ಹಿಡಿದಿರುತ್ತೇನೆ. ಕಾರಣ ತಿಳಿಯದಿದ್ದರೆ ಚೀಟಿಯಲ್ಲಿ ‘ಕಾರಣ ತಿಳಿದಿಲ್ಲ’ ಎಂದೇ ಬರೆದಿದ್ದೇನೆ. ಅದರಿಂದ ಗಿರಾಕಿಗಳು ಕಮ್ಮಿಯಾಗಲಿಲ್ಲ. ಆಮೇಲೆ ಹೊಸ ಗ್ಯಾಸು ಬಂತು, ಹೊಸ ಕಂಪ್ರೆಸರು ಬಂತು, ಸೋರಿಕೆ ಕಂಡರೆ ಕಿರುಚುವ ಪುಟ್ಟ ಯಂತ್ರ ಬಂತು. ಚೀಟಿಯನ್ನು ಮಾತ್ರ ಮನುಷ್ಯನೇ ಬರೆಯಬೇಕು.

ಸಿದ್ದೇಗೌಡ ಮದ್ದೂರಿಗೆ ವಾಪಸ್ ಬಂದ. ಹೊಸ ಸೀಲು ಹಾಕಿಕೊಟ್ಟೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸುತ್ತಿದ್ದ, ಒಂದು ವಾರವೂ ತಪ್ಪಿಸಲಿಲ್ಲ ಎಂದು ನಂಜಪ್ಪನವರು ಹೇಳುತ್ತಿದ್ದರು. ಮುದುಕಿ ಬದುಕಿದ್ದಷ್ಟು ವರ್ಷವೂ ಕಾರು ಮೈಸೂರಿಗೆ ಹೋಗುವ ದಾರಿಯಲ್ಲಿ ನಮ್ಮ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಏನೂ ಕೆಟ್ಟಿರುತ್ತಿರಲಿಲ್ಲ. ಸಿದ್ದೇಗೌಡ ಇಳಿದು ಬಾನೆಟ್ಟು ಎತ್ತಿ ಹಿಡಿಯುತ್ತಿದ್ದ. ಕಾಫಿ ಕುಡಿಯಿರಿ ಸಿದ್ದಣ್ಣ ಎಂದರೆ ಬೇಡ ಎನ್ನುತ್ತಿದ್ದ. ಒಂದು ದಿನವೂ ನಮ್ಮಲ್ಲಿ ಕಾಫಿ ಕುಡಿಯಲಿಲ್ಲ.

“ನೋಡ್ಕಳಿ. ಮುಚ್ಚಳ ಅದೆ ತಾನೆ?”

ನಾನು ಬಗ್ಗಿ, ಅಂಚಿನ ಗೀರಿನ ಮೇಲೆ ಬೆರಳಿಟ್ಟು ನೋಡಿ, ಅದೆ ಎನ್ನುತ್ತಿದ್ದೆ.

“ಚೀಟೀಲಿ ಬರ್ದ್ಕೊಡಿ” ಎನ್ನುತ್ತಿದ್ದ.

ಬರೆದು, ರುಜು ಹಾಕಿ ಕೊಡುತ್ತಿದ್ದೆ. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಕಾರು ಹತ್ತುತ್ತಿದ್ದ.